ಇಪ್ಪತ್ತೆಂಟಕ್ಕೆ ನಿಂತ ಹಾಲು

ಹಾಸನದ ನಮ್ಮ ಹೃದಯದ ಕ್ಲಿನಿಕ್ಕಿನಲ್ಲಿ ಎಕೋ ಮಾಡುವ ಕೋಣೆಗೆ ಕಿಟಕಿಯಿಲ್ಲ. ಮಿಷನ್ನಿನ ತೆರೆ ಚೆನ್ನಾಗಿ ಕಾಣಲಿ ಎಂದು ದೀಪವನ್ನೂ ಮಂದ ಮಾಡಿರುತ್ತೇವೆ. ಅಷ್ಟು ಮಂದ ಬೆಳಕಿನಲ್ಲೂ ರೋಗಿಗಳು ನೋಡುವುದು ತೆರೆಯನ್ನಲ್ಲ, ನನ್ನ ಮುಖವನ್ನು. ಎಡಮಗ್ಗುಲಿಗೆ ಮಲಗಿಸಿ ಎದೆಗೆ ತಣ್ಣನೆಯ ಜೆಲ್ ಹಚ್ಚಿದ ಮೇಲೂ ಕತ್ತು ತಿರುಗಿಸಿ ಕದ್ದು ನೋಡುತ್ತಾರೆ. ಹುಬ್ಬು ಗಂಟಿಕ್ಕಬಾರದು, ನಗಬಾರದು, ಅಂಕಿ ಹೇಳಬಾರದು, ಹೇಳುವುದೇನಿದ್ದರೂ ಡಾಕ್ಟರ ಕೆಲಸ ಎಂದು ನನಗೆ ಮೊದಲ ದಿನವೇ ಕಲಿಸಿದ್ದರು. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಕೆಲಸ ಮಾಡಿದ್ದೆ. ಹೋದ ಶ್ರಾವಣದ ಒಂದು ಶನಿವಾರ ಆ ಬೀಗ ತೆಗೆದೆ. ತೆಗೆದದ್ದು ಹಳೇಕೋಟೆಯ ದೇವರಾಜು ಅವರ ಮುಂದೆ.

ದೇವರಾಜು ಅವರಿಗೆ ಅರವತ್ತನಾಲ್ಕು ವರ್ಷ. ಹೊಳೆನರಸೀಪುರ ತಾಲ್ಲೂಕಿನ ತಮ್ಮೂರ ಡೈರಿಯಲ್ಲಿ ಮೂವತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುವವರು. ಅವರ ಕಣ್ಣು ತಪ್ಪಿಸಿ ಒಂದು ಲೋಟ ನೀರು ಬೆರೆಸಿದವರು ಊರಲ್ಲೇ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಸುಳ್ಳಿರಲಿಕ್ಕಿಲ್ಲ. ಆ ಮನುಷ್ಯ ಎದುರಿಗಿದ್ದವರ ಮುಖವನ್ನೂ ಕ್ಯಾನಿನೊಳಗೆ ಇಣುಕಿದ ಹಾಗೆಯೇ ಇಣುಕಿ ನೋಡುತ್ತಿದ್ದರು.

ಎರಡು ವರ್ಷದ ಕೆಳಗೆ ಅವರ ಎದೆಯಲ್ಲಿ ತೊಂದರೆ ಪತ್ತೆಯಾಯಿತು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಿಗೆ ಅಯೋರ್ಟಿಕ್ ಕವಾಟ ಎನ್ನುತ್ತಾರೆ. ಅವರದು ಸುಣ್ಣಗಟ್ಟಿ ಕಿರಿದಾಗಿತ್ತು. ಬಾಗಿಲು ಕಿರಿದಾದಷ್ಟೂ ಹೃದಯ ಜೋರಾಗಿ ನೂಕಬೇಕು. ಆ ನೂಕಿನ ಒತ್ತಡವನ್ನು ಎಕೋ ಅಂಕಿಯಲ್ಲಿ ತೋರಿಸುತ್ತದೆ. ನಲವತ್ತು ದಾಟಿದರೆ ತೀವ್ರ ಎಂದು ಲೆಕ್ಕ. ಅವರದು ಮೊದಲು ನಲವತ್ತನಾಲ್ಕಿತ್ತು, ಈ ವರ್ಷ ಸಂಕ್ರಾಂತಿ ಹೊತ್ತಿಗೆ ಐವತ್ತೆರಡಾಯಿತು. ನಮ್ಮ ಡಾಕ್ಟರ್ ಸುದರ್ಶನ್ ಅವರು ಆಪರೇಷನ್ ಮಾಡಿಸಿ ಕವಾಟ ಬದಲಾಯಿಸಬೇಕು ಎಂದು ಬಿಡಿಸಿ ಹೇಳಿದರು. ದೇವರಾಜು ಮೊದಲು ಕುಯ್ಲಿನ ನೆಪ ಹೇಳಿದರು, ಆಮೇಲೆ ಡೈರಿ ಆಡಿಟ್ಟಿನ ನೆಪ ಹೇಳಿದರು.

ಏದುಸಿರು ಬರುತ್ತದೆಯೇ, ಎದೆ ನೋಯುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ಪ್ರತಿಸಲ ಕೇಳಿದಾಗಲೂ ಅವರದು ಒಂದೇ ಉತ್ತರ, ಏನೂ ಇಲ್ಲ ಸಾ. ಪಕ್ಕದಲ್ಲಿ ನಿಂತ ಹೆಂಡತಿ ಅನಸೂಯಮ್ಮ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು. ಇವರು ಒಂದು ಸಲ ತಿರುಗಿ ನೋಡಿದರೆ ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಆಕೆ ನನ್ನನ್ನು ಹೊರಗಿನ ಬೆಂಚಿನ ಹತ್ತಿರ ಹಿಡಿದು ನಿಜ ಹೇಳಿದರು. ತುಂಬಿದ ಹಾಲಿನ ಕ್ಯಾನನ್ನು ಒಬ್ಬರೇ ವ್ಯಾನಿಗೆ ಎತ್ತಿಡುತ್ತಿದ್ದವರು ಎರಡು ವರ್ಷದಿಂದ ಅದನ್ನು ಮುಟ್ಟಿಲ್ಲವಂತೆ, ಚಂದ್ರಯ್ಯ ಎನ್ನುವವನು ಎತ್ತುತ್ತಾನಂತೆ. ಮೂರು ಗದ್ದೆ ಆಚೆಗಿರುವ ತೋಟಕ್ಕೂ ಸ್ಕೂಟರಿನಲ್ಲೇ ಹೋಗುತ್ತಾರಂತೆ. ಏದುಸಿರು ಬರುವ ಕೆಲಸವನ್ನೆಲ್ಲ ಬಿಟ್ಟವರಿಗೆ ಏದುಸಿರು ಎಲ್ಲಿಂದ ಬರಬೇಕು? ನಮ್ಮ ಕಡೆಯ ಗಂಡಸರ ಈ ಠೇಂಕಾರ ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮಪ್ಪನೂ ಇದೇ ಜಾತಿಯ ಆಸಾಮಿ.

ಆ ಶನಿವಾರ ಡಾಕ್ಟರು ಊರಲ್ಲಿರಲಿಲ್ಲ. ನಾನು ಚಿತ್ರ ತೆಗೆದಿಟ್ಟರೆ ಅವರು ಸೋಮವಾರ ನೋಡಿ ರಿಪೋರ್ಟು ಕೊಡುವುದು ಎಂದಾಗಿತ್ತು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ದೇವರಾಜು ಅವರ ಒತ್ತಡ ಅಳೆದೆ. ಮೂವತ್ತನಾಲ್ಕು ಬಂತು. ನಂಬಿಕೆ ಬರದೆ ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ನನ್ನ ಮುಖ ಸಡಿಲವಾದದ್ದನ್ನು ಅವರು ಹಿಡಿದುಬಿಟ್ಟರು.

“ಎಷ್ಟು ಬಂತವ್ವಾ?”

“ಮೂವತ್ತನಾಲ್ಕು ಯಜಮಾನ್ರೇ. ಕಮ್ಮಿ ಆಗಿದೆ.”

ಕೊನೆಯ ಎರಡು ಪದ ಹೇಳಬೇಕಾಗಿರಲಿಲ್ಲ. ಮೊದಲನೆಯದನ್ನೂ ಹೇಳಬೇಕಾಗಿರಲಿಲ್ಲ. ಅವರು ಎದ್ದು ಕುಳಿತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಅರಕಲಗೂಡಿನ ನೆಂಟರೊಬ್ಬರು ಹೇಳಿದ ಅಮೃತಬಳ್ಳಿ ಕಷಾಯದಿಂದಲೇ ಹೀಗಾಯಿತು ಎಂದು ಲೆಕ್ಕ ಒಪ್ಪಿಸಿದರು. ಅನಸೂಯಮ್ಮನವರ ಕಣ್ಣಲ್ಲಿ ನೀರಿತ್ತು. ಹೊರಡುವ ಮುಂಚೆ ಆಕೆ ನನಗೆ ಕೈಮುಗಿದರು. ನನ್ನ ತಾಯಿಗಿಂತ ದೊಡ್ಡವರು, ನನಗೆ ಕೈಮುಗಿದರು. ನಾನು ನಕ್ಕು, ಮುಂದಿನ ಹೆಸರು ಕೂಗಿದೆ.

ಸರದಿ ಮುಗಿದಾಗ ಸಂಜೆ ಐದೂವರೆ. ಕವಾಟ ಕಿರಿದಾದವರಿಗೆಲ್ಲ ಸ್ಟ್ರೇನ್ ಎಂಬ ಇನ್ನೊಂದು ಲೆಕ್ಕವನ್ನೂ ಮಾಡಿಡಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದಕ್ಕೆ ಹೊತ್ತು ಹಿಡಿಯುತ್ತದೆಂದು ಅವತ್ತು ಎಲ್ಲರದನ್ನೂ ಸಂಜೆಗೆ ತಳ್ಳಿದ್ದೆ. ಹೃದಯದ ಗೋಡೆಯ ಸ್ನಾಯು ಒಂದೊಂದು ಬಡಿತಕ್ಕೂ ಎಷ್ಟು ಮೊಟಕಾಗುತ್ತದೆ ಎಂದು ಕಂಪ್ಯೂಟರು ಹಿಂಬಾಲಿಸಿ ನೋಡುವ ಲೆಕ್ಕ ಅದು. ಗಟ್ಟಿ ಹೃದಯವಾದರೆ ನೂರಕ್ಕೆ ಇಪ್ಪತ್ತರಷ್ಟು ಮೊಟಕಾಗಿ ರಕ್ತವನ್ನು ನೂಕುತ್ತದೆ. ಕೊನೆಗೆ ತೆರೆಯ ಮೇಲೆ ಒಂದು ದುಂಡನೆಯ ಚಿತ್ರ ಬರುತ್ತದೆ. ಗಟ್ಟಿ ಇರುವ ಕಡೆ ಕಡುಗೆಂಪು, ಸೋತ ಕಡೆ ಬಿಳಿಚು.

ದೇವರಾಜು ಅವರದು ಸಂಕ್ರಾಂತಿಯಲ್ಲಿ ಹದಿನಾರಿತ್ತು. ಈಗ ಒಂಬತ್ತು. ಚಿತ್ರದಲ್ಲಿ ಕೆಂಪು ಹುಡುಕಬೇಕಾಗಿತ್ತು.

ನನಗೆ ಅರ್ಥವಾಗಲು ಅರೆನಿಮಿಷ ಸಾಕಾಯಿತು. ಬೆಳಿಗ್ಗೆ ಆ ಅರೆನಿಮಿಷವನ್ನು ನಾನು ಖರ್ಚು ಮಾಡಲಿಲ್ಲ. ಬಾಗಿಲು ತೆರೆದುಕೊಂಡಿರಲಿಲ್ಲ, ಇನ್ನಷ್ಟು ಮುಚ್ಚಿತ್ತು. ನೂಕಿ ನೂಕಿ ಹೃದಯವೇ ಸೋತಿತ್ತು. ನೂಕುವ ಬಲವಿಲ್ಲದ ಮೇಲೆ ಒತ್ತಡ ಕಮ್ಮಿಯೇ ತೋರಿಸುತ್ತದೆ. ಕೆಟ್ಟ ಸುದ್ದಿಯನ್ನು ನಾನು ಒಳ್ಳೆಯದೆಂದು ಹೇಳಿ ಕಳಿಸಿದ್ದೆ.

ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸಿದೆ, ನಾನು ಆಡಿದ ಮಾತನ್ನೂ ಸೇರಿಸಿ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಆ ಮನುಷ್ಯ ಈಗ ಭಾರ ಎತ್ತಿದರೆ ಎತ್ತಿದಲ್ಲೇ ಬೀಳಬಹುದು, ಸೋಮವಾರ ಬೆಳಿಗ್ಗೆಯೇ ಬರಲಿ, ಮೈಸೂರಿನ ಸರ್ಜನ್ನರ ಹತ್ತಿರ ನಾನೇ ಮಾತಾಡುತ್ತೇನೆ, ಇನ್ನು ಕಾಯುವ ಹಾಗಿಲ್ಲ ಎಂದರು.

ಹಳೇಕೋಟೆಗೆ ಫೋನು ಮಾಡಿದೆ. ತೆಗೆದುಕೊಂಡವರು ಅನಸೂಯಮ್ಮ. ಯಜಮಾನರು ಹೊಳೆನರಸೀಪುರದಿಂದ ಎರಡು ಕೆಜಿ ಬೂಂದಿಕಾಳು ತಂದು ಡೈರಿಯಲ್ಲಿ ಹಾಲು ಹಾಕುವವರಿಗೆಲ್ಲ ಹಂಚುತ್ತಿದ್ದಾರೆ ಎಂದರು. ನಾಳೆಯಿಂದ ಕ್ಯಾನು ತಾನೇ ಎತ್ತುತ್ತೇನೆ ಎಂದು ಚಂದ್ರಯ್ಯನಿಗೆ ಹೇಳಿಯೂ ಆಯಿತಂತೆ. ಎತ್ತುವುದು ಬೇಡವೇ ಬೇಡ, ಸೋಮವಾರ ಕರೆದುಕೊಂಡು ಬನ್ನಿ ಎಂದೆ. ಆಕೆಗೆ ಗಾಬರಿಯಾಯಿತು. ಅವರು ನನ್ನ ಮಾತು ಎಲ್ಲಿ ಕೇಳುತ್ತಾರೆ, ಕಮ್ಮಿ ಆಗಿದೆ ಎಂದು ನೀನೇ ಹೇಳಿದೆಯಲ್ಲ ಎಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಾಗ ದೇವರಾಜು ಅವರೇ ಸಿಕ್ಕಿದರು. ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿಸುತ್ತಿದ್ದಾರೆ ತಾನೆ, ಸುಮ್ಮನಿರವ್ವ ಎಂದು ನಕ್ಕು ಫೋನಿಟ್ಟರು.

ನನ್ನ ಮೊದಲ ಮಾತಿಗೆ ಇದ್ದ ತೂಕ ಎರಡನೆಯದಕ್ಕೆ ಇರಲಿಲ್ಲ. ಅದು ಫೋನಿನಲ್ಲಿ ಸರಿಯಾಗುವ ಕೆಲಸವಲ್ಲ ಎಂದು ಗೊತ್ತಾಯಿತು.

ಭಾನುವಾರ ಮೊದಲ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಜೊತೆಗೆ ಅವರನ್ನೂ ಬೈದೆ. ಹಳೇಕೋಟೆ ಡೈರಿಯ ಮುಂದೆ ಆಟೋ ನಿಂತಾಗ ಏಳು ಗಂಟೆ. ಹಾಲು ಹಾಕುವವರ ಸಾಲು ಹೆಚ್ಚೂ ಕಮ್ಮಿ ಕರಗಿತ್ತು. ವ್ಯಾನು ಬಂದು ನಿಂತಿತ್ತು. ಜಗುಲಿಯ ಮೇಲೆ ದೇವರಾಜು ಪಂಚೆ ಎತ್ತಿ ಕಟ್ಟಿ, ತುಂಬಿದ ಕ್ಯಾನಿನ ಹಿಡಿಗೆ ಕೈ ಹಾಕಿ ಬಗ್ಗಿದ್ದರು. ಚಂದ್ರಯ್ಯ ಪಕ್ಕದಲ್ಲಿ ನಗುತ್ತಾ ನಿಂತಿದ್ದ.

ನಾನು ಓಡಿದೆ. ಕೂಗಲಿಲ್ಲ, ಕೂಗಿದರೆ ಹುರುಪಿಗೆ ಎತ್ತಿಯೇ ಬಿಡುತ್ತಾರೆ ಎನ್ನಿಸಿತು. ಹೋಗಿ ಅವರ ಕೈಯ ಮೇಲೆ ಕೈಯಿಟ್ಟು ಕ್ಯಾನನ್ನು ಕೆಳಕ್ಕೆ ಒತ್ತಿ ಹಿಡಿದೆ. ಅವರು ತಲೆಯೆತ್ತಿದರು. ಹಣೆಯ ಮೇಲೆ ಆಗಲೇ ಬೆವರು ಮೂಡಿತ್ತು. ನಾನು ಯಾರೆಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಒಳಗೆ ಕೂತು ಮಾತಾಡೋಣ, ಚಂದ್ರಯ್ಯನೇ ಎತ್ತಲಿ ಎಂದೆ. ಹತ್ತು ಜನರ ಮುಂದೆ ಒಬ್ಬ ಹೆಂಗಸು ಹೀಗೆ ಕೈ ಹಿಡಿದದ್ದು ಅವರಿಗೆ ಅವಮಾನವೇ ಆಗಿರಬೇಕು. ಮುಖ ಗಂಟಿಕ್ಕಿಕೊಂಡು ಒಳಗೆ ಬಂದರು.

ಡೈರಿಯ ಒಳಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಹಾಲು ಪರೀಕ್ಷೆಯ ಮಿಷನ್ನು. ಹಿಂದಿನ ಗೋಡೆಯ ಮೇಲೆ ಹಾಲು ಹಾಕುವ ಸದಸ್ಯರ ಹೆಸರುಗಳನ್ನು ನಂಬರು ಹಾಕಿ ಕಪ್ಪು ಬಣ್ಣದಲ್ಲಿ ಬರೆಸಿದ್ದರು. ನಾನು ಡಾಕ್ಟರು ಹೇಳಿದ ಮಾತನ್ನೆಲ್ಲ ಹೇಳಿದೆ. ಕವಾಟ, ಒತ್ತಡ, ಸ್ನಾಯು, ಒಂಬತ್ತು, ಹದಿನಾರು. ಅವರು ಜಗ್ಗಲಿಲ್ಲ. ಮೂವತ್ತನಾಲ್ಕು ಐವತ್ತೆರಡಕ್ಕಿಂತ ಕಮ್ಮಿ ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದೆ. ಹಾಗಿದ್ದ ಮೇಲೆ ನೀನು ಇಷ್ಟು ದೂರ ಬಂದದ್ದು ಯಾತಕ್ಕೆ ಎಂದರು. ಅಷ್ಟರಲ್ಲಿ ಅನಸೂಯಮ್ಮ ಬಂದು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ನನಗೆ ಬೇರೆ ಮಾತು ತೋಚಲಿಲ್ಲ. ಆಗ ಮಿಷನ್ನಿನ ಹಿಂದೆ, ಗೂಡಿನಲ್ಲಿ, ಗಾಜಿನ ಹಳೆಯ ಲ್ಯಾಕ್ಟೋಮೀಟರು ಕಂಡಿತು. ಹಾಲಿನಲ್ಲಿ ತೇಲಿಬಿಟ್ಟರೆ ಅದು ಎಷ್ಟು ಮುಳುಗಿತು ಎನ್ನುವುದರ ಮೇಲೆ ನೀರು ಬೆರೆತಿದೆಯೋ ಇಲ್ಲವೋ ಹೇಳುವ ಕಡ್ಡಿ. ನಮ್ಮೂರು ದಂಡಿಗನಹಳ್ಳಿಯಲ್ಲಿ ನಮ್ಮಮ್ಮನೂ ಡೈರಿಗೆ ಹಾಲು ಹಾಕಿಯೇ ನನ್ನನ್ನು ಓದಿಸಿದ್ದು. ಆ ಕಡ್ಡಿಯನ್ನು ಕಂಡರೆ ಹೆದರುತ್ತಿದ್ದ ಹೆಂಗಸರ ಸಾಲಿನಲ್ಲೇ ನಾನು ಬೆಳೆದದ್ದು. ಎದ್ದು ಹೋಗಿ ಅದನ್ನು ತಂದು ಮೇಜಿನ ಮೇಲಿಟ್ಟೆ.

“ಯಜಮಾನ್ರೇ, ಒಬ್ಬರು ಹಾಲು ತಂದ್ರು. ಕಡ್ಡಿ ಇಪ್ಪತ್ತೆಂಟಕ್ಕೆ ನಿಂತ್ಕೊಳ್ತು. ಹಾಲು ಚೆನ್ನಾಗಿದೆ ಅಂತ ಬರ್ಕೊಳ್ತೀರಾ?”

ಹಾಲಿನ ಮಾತು ಬಂದದ್ದೇ ಅವರ ಬೆನ್ನು ನೆಟ್ಟಗಾಯಿತು.

“ಅಂಗೆಲ್ಲ ಬರ್ಕೊಳಕಾಯ್ತದಾ? ಕಳ್ಳರು ಕೆನೆ ತಗೀತಾರೆ ಕಣವ್ವ. ಕೆನೆ ತಗುದ್ರೆ ಕಡ್ಡಿ ಮ್ಯಾಕ್ಕೆ ಓಯ್ತದೆ. ಆಮ್ಯಾಕೆ ನೀರುಯ್ತಾರೆ. ನೀರುಯ್ದ್ರೆ ಕೆಳಿಕ್ಕಿಳೀತದೆ. ಎರಡೂ ಸರಿಯಾಗಿ ಮಾಡುದ್ರೆ ಒಳ್ಳೆ ಆಲಿನಂಗೇ ಇಪ್ಪತ್ತೆಂಟಕ್ಕೇ ನಿಂತ್ಕತದೆ. ಅದುಕ್ಕೇ ಒಂದು ಕಡ್ಡಿ ನಂಬ್ಕಂಡು ಕೂರಕ್ಕಾಗಕಿಲ್ಲ. ಜೊತೇಲಿ ಫ್ಯಾಟೂ ನೋಡ್ಬೇಕು, ಕೆನೆ ಎಷ್ಟದೆ ಅಂತ. ಎರಡು ತಪ್ಪು ಸೇರ್ಕಂಡು...”

ಅಲ್ಲಿಗೆ ನಿಲ್ಲಿಸಿದರು. ಬಾಯಿ ತೆರೆದೇ ಇತ್ತು. ಮೇಜಿನ ಮೇಲಿದ್ದ ಕಡ್ಡಿಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಈ ಸಲ ನಾನು ಮುಖ ಮುಚ್ಚಿಡಲಿಲ್ಲ.

“ಬಾಗ್ಲೂ ಇನ್ನೊಸಿ ಮುಚ್ಕಂಡದೆ,” ಎಂದರು ನಿಧಾನವಾಗಿ. “ಎದೇನೂ ಸೋತದೆ. ಎರಡೂ ಸೇರಿ ಮೂವತ್ನಾಕು.”

“ಹೌದು ಯಜಮಾನ್ರೇ.”

“ಆ ಒಂಬತ್ತು ಅಂದ್ಯಲ್ಲ, ಅದೇ ಫ್ಯಾಟು.”

“ಹೌದು.”

ಬಾಗಿಲಲ್ಲಿ ಅನಸೂಯಮ್ಮ ಕುಸಿದು ಕುಳಿತರು. ದೇವರಾಜು ಆ ಕಡೆ ನೋಡಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ತಮ್ಮದಲ್ಲದ ಯಾವುದೋ ವಸ್ತುವನ್ನು ಮುಟ್ಟಿ ನೋಡುವ ಹಾಗೆ ಮುಟ್ಟಿಕೊಂಡರು. ಮೆಟ್ಟಿಲು ಹತ್ತುವಾಗ ಆರು ತಿಂಗಳಿಂದ ಕಣ್ಣು ಕತ್ತಲೆ ಬರುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಎಂದು ಆಗ ಒಪ್ಪಿಕೊಂಡರು. ಅನಸೂಯಮ್ಮ ಅಲ್ಲಿಂದಲೇ, ನನಗೆ ಗೊತ್ತಿತ್ತು ಎಂದರು.

ದೇವರಾಜು ನನ್ನ ಕಡೆ ತಿರುಗಿ ಕೇಳಿದರು, “ಮತ್ತೆ ನೆನ್ನೆ ಯಾಕವ್ವ ಅಂಗಂದೆ?”

ಆ ಪ್ರಶ್ನೆಗೇ ಹೆದರಿಕೊಂಡು ಬಂದಿದ್ದೆ. ಜನ ಜಾಸ್ತಿ ಇದ್ದರು, ಡಾಕ್ಟರು ಇರಲಿಲ್ಲ, ಹೇಳಲು ಬೇಕಾದಷ್ಟಿತ್ತು.

“ನಾನು ಒಂದೇ ಅಂಕಿ ನೋಡಿ ಹೇಳ್ಬಿಟ್ಟೆ. ತಪ್ಪು ನನ್ನದು. ಮಿಷನ್ನಿನದ್ದಲ್ಲ.”

ಬೈಯುತ್ತಾರೆ ಎಂದುಕೊಂಡೆ. ಅವರು ನನ್ನನ್ನೇ ಬಹಳ ಹೊತ್ತು ನೋಡಿ, ಇದನ್ನು ಹೇಳುವುದಕ್ಕೇ ಅಲ್ಲಿಂದ ಬಂದೆಯಾ ಎಂದು ಕೇಳಿದರು. ಹೂಂ ಎಂದೆ. ಆಮೇಲೆ ಅವರು ನನ್ನ ಹಿಂದಿನ ಗೋಡೆಯ ಕಡೆ ದೃಷ್ಟಿ ನೆಟ್ಟು ಕುಳಿತರು. ನಾನು ತಿರುಗಿ ನೋಡಿದರೆ ಹೆಸರುಗಳ ಪಟ್ಟಿ. ನಲವತ್ತೇಳನೆಯ ಹೆಸರಿನ ಮೇಲೆ ಮಾತ್ರ ಸುಣ್ಣ ಬಳಿದಿತ್ತು. ಸಾವಿನ ಭಯಕ್ಕೆ ಹಾಗೆ ಕುಳಿತಿದ್ದಾರೆ ಎಂದುಕೊಂಡೆ. ಕೊನೆಗೆ, ನಾಳೆ ಬರುತ್ತೇನೆ ಎಂದು ಹೇಳು ಡಾಕ್ಟರಿಗೆ ಎಂದರು.

ಸೋಮವಾರ ಬಂದರು. ಗುರುವಾರ ಅವರನ್ನು ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಶನಿವಾರ ಆಪರೇಷನ್ನು. ಅವತ್ತು ಇಡೀ ದಿನ ನಾನು ಇತರರ ಹೃದಯ ನೋಡುತ್ತಾ ಅವರ ಬಿಳಿಚಿದ ಚಿತ್ರವನ್ನೇ ನೋಡುತ್ತಿದ್ದೆ. ಸೋತ ಹೃದಯಕ್ಕೆ ಕತ್ತರಿ ಹಾಕಿದರೆ ತಡೆಯುತ್ತದೆ ಎಂದು ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಸಂಕ್ರಾಂತಿಯಲ್ಲೇ ಹೋಗಿದ್ದರೆ ಇಷ್ಟು ಭಯ ಇರುತ್ತಿರಲಿಲ್ಲ ಎಂದಷ್ಟೇ ಡಾಕ್ಟರು ಹೇಳಿದರು. ಸಂಜೆ ಅನಸೂಯಮ್ಮ ಫೋನು ಮಾಡಿದರು. ಕಣ್ಣು ಬಿಟ್ಟರು ಕಣವ್ವ ಎಂದರು.

ಕಾರ್ತಿಕದಲ್ಲಿ ಮೂರು ತಿಂಗಳ ತಪಾಸಣೆಗೆ ಬಂದರು. ತೂಕ ಇಳಿದಿತ್ತು, ಅಂಗಿ ಸಡಿಲವಾಗಿತ್ತು. ಎದೆಯ ನಡುವೆ ಹೊಲಿಗೆಯ ಗೆರೆ. ಮೆಟ್ಟಿಲು ಹತ್ತಿಕೊಂಡೇ ಬಂದಿದ್ದರು. ಎಡಮಗ್ಗುಲಿಗೆ ಮಲಗಿ ಗೋಡೆಯ ಕಡೆ ಮುಖ ಮಾಡಿದರು. ನನ್ನ ಮುಖ ನೋಡಲಿಲ್ಲ. ಡಾಕ್ಟರು ಬಂದು ಹೇಳುವ ತನಕ ನೀನು ಏನೂ ಹೇಳಬೇಡ ಎಂದು ಅವರೇ ನನಗೆ ತಾಕೀತು ಮಾಡಿದರು.

ಅವತ್ತು ಯಾವುದನ್ನೂ ಸಂಜೆಗೆ ತಳ್ಳಲಿಲ್ಲ. ಹೊಸ ಕವಾಟದ ಒತ್ತಡ ಹತ್ತು. ಸ್ಟ್ರೇನ್ ಹದಿಮೂರು. ದುಂಡು ಚಿತ್ರದಲ್ಲಿ ಕೆಂಪು ಮರಳಿತ್ತು, ಒಂದು ಮಗ್ಗುಲಲ್ಲಿ ಮಾತ್ರ ಹಾಗೇ ಬಿಳಿಚು. ಡಾಕ್ಟರ್ ಸುದರ್ಶನ್ ಬಂದು ನೋಡಿ, ಬಾಗಿಲು ಚೆನ್ನಾಗಿದೆ, ಸ್ನಾಯು ಅರ್ಧ ಸುಧಾರಿಸಿದೆ, ಉಳಿದದ್ದು ಬರಬಹುದು, ಬಾರದೆಯೂ ಇರಬಹುದು ಎಂದರು. ಕ್ಯಾನು ಎತ್ತುವ ಆಸೆ ಬಿಡಬೇಕು ಎಂದೂ ಹೇಳಿದರು. ದೇವರಾಜು ತಲೆಯಾಡಿಸಿದರು. ಎದುರು ಮಾತಾಡಲಿಲ್ಲ.

ಡಾಕ್ಟರು ಹೋದ ಮೇಲೆ ನಾನು ಎದೆಯ ಜೆಲ್ ಒರೆಸುತ್ತಿದ್ದೆ. ಮೈಸೂರಿಗೆ ಹೋದ ದಿನ ಏನಾಯಿತು ಗೊತ್ತೇನವ್ವ ಎಂದು ಅನಸೂಯಮ್ಮ ಶುರು ಮಾಡಿದರು. ಊರ ಕೊನೆಯಲ್ಲಿ ಕೃಷ್ಣಮ್ಮ ಎಂಬುವರ ಮನೆಯ ಮುಂದೆ ಇವರು ಕಾರು ನಿಲ್ಲಿಸಿ, ತಪ್ಪು ನನ್ನದು ಎಂದು ಹೇಳಿ ಬಂದರಂತೆ. ಹನ್ನೊಂದು ವರ್ಷದ ಕೆಳಗೆ ಕೃಷ್ಣಮ್ಮನ ಹಾಲಿಗೆ ಕಡ್ಡಿ ಇಪ್ಪತ್ತನಾಲ್ಕು ತೋರಿಸಿತ್ತು. ನೀರು ಬೆರೆಸಿದ್ದಾಳೆ ಎಂದು ಇವರು ಅಷ್ಟು ಜನರ ಮುಂದೆ ಆ ಹಾಲನ್ನು ಮೋರಿಗೆ ಸುರಿದರು, ಗೋಡೆಯ ಮೇಲಿನ ಹೆಸರಿಗೆ ಸುಣ್ಣ ಬಳಿಸಿದರು. ಅದೇ ದಿನ ಸಂಜೆ ದನದ ಡಾಕ್ಟರು, ಆ ಹಸುವಿಗೆ ಕೆಚ್ಚಲು ಬಾವು, ಅದಕ್ಕೇ ಹಾಲು ತೆಳ್ಳಗಾಗಿದೆ ಎಂದು ಹೇಳಿದ್ದರು. ಇವರಿಗೆ ಅವತ್ತೇ ಗೊತ್ತಾಗಿತ್ತು. ಆಕೆಯ ಮನೆ ಡೈರಿಯಿಂದ ಇನ್ನೂರು ಹೆಜ್ಜೆ. ಹೋಗಿರಲಿಲ್ಲ. ಕೃಷ್ಣಮ್ಮ ಅಂದಿನಿಂದ ಹಾಲನ್ನು ಹೊಳೆನರಸೀಪುರದ ಹೋಟೆಲಿಗೆ ಹೊರುತ್ತಿದ್ದಾರೆ.

ಆಕೆ ಏನು ಹೇಳಿದರು ಎಂದು ನಾನು ಕೇಳಿದೆ. ಅನಸೂಯಮ್ಮ ಗಂಡನ ಕಡೆ ನೋಡಿದರು.

“ಆ ಅಸ ಸತ್ತು ಒಂಬತ್ತು ವರ್ಸ ಆಯ್ತು ದೇವರಾಜಣ್ಣ, ಅಂದ್ಳು,” ಎಂದರು ದೇವರಾಜು, ಗೋಡೆಯ ಕಡೆಯಿಂದ ತಿರುಗದೆ. “ಓಗ್ಬುಟ್ಟು ಬಾ, ಅಂದ್ಳು. ಅಷ್ಟೇಯ.”

ಕೃಷ್ಣಮ್ಮ ಈಗ ಡೈರಿಗೆ ಬರುತ್ತಾರೆಯೇ ಎಂದು ಕೇಳಿದೆ. ಇಲ್ಲವಂತೆ. ಸುಣ್ಣ ಕೆರೆಸಿ ಹೆಸರು ಮತ್ತೆ ಬರೆಸಿದ್ದಾರಂತೆ, ಆದರೂ ಬಂದಿಲ್ಲವಂತೆ.

ದೇವರಾಜು ಎದ್ದು ಕುಳಿತು ಅಂಗಿಯ ಗುಂಡಿ ಹಾಕಿಕೊಂಡರು. ಹೊರಡುವಾಗ ಬಾಗಿಲ ಹತ್ತಿರ ನಿಂತು ಅವತ್ತು ಮೊದಲ ಸಲ ನನ್ನ ಮುಖ ನೋಡಿದರು.

“ನೀನು ಮಾರ್ನೇ ದಿನವೇ ಬಂದೆ ಕಣವ್ವ,” ಎಂದರು. “ಅದುಕ್ಕೆ ಅರ್ಧನಾದ್ರೂ ಉಳೀತು.”